ಎದ್ದು ನಿಲ್ಲುವವರು ಒಬ್ಬರು ಬೇಕು

ವರ್ಷದ ವರದಿಯ ಹಾಳೆಯಲ್ಲಿ ಹನ್ನೆರಡು ಸಾಲುಗಳಿದ್ದವು. ಹನ್ನೊಂದನ್ನು ತುಂಬುವಾಗ ಕಿವಿಯಣ್ಣನ ಪೆನ್ನು ಎಲ್ಲೂ ತಡೆಯಲಿಲ್ಲ. ಆಸ್ಪತ್ರೆಯ ಹಾಸಿಗೆಗಳ ಪಕ್ಕ ಕೂತದ್ದು ಇನ್ನೂರ ಹದಿಮೂರು ಸಲ, ಸಾವಾದ ಮನೆಗಳಿಗೆ ಹೋದದ್ದು ಹತ್ತೊಂಬತ್ತು, ಮದುವೆಗೆ ಮುಂಚೆ ಕೂರಿಸಿಕೊಂಡು ಬುದ್ಧಿ ಹೇಳಿದ್ದು ಹನ್ನೊಂದು ಜೋಡಿಗೆ. ಅದರಲ್ಲಿ ಒಂದು ಜೋಡಿ ಬುದ್ಧಿ ಬಂದು ಮದುವೆಯನ್ನೇ ಬಿಟ್ಟಿತ್ತು. ಹನ್ನೆರಡನೆಯ ಸಾಲು ಮಾತ್ರ ಈ ವರ್ಷ ಹೊಸದಾಗಿ ಸೇರಿದ್ದು: 'ಆಪ್ತಸಲಹೆಯಿಂದ ಉಪಕಾರ ಹೊಂದಿದ ಒಬ್ಬರಾದರೂ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳತಕ್ಕದ್ದು. ಇಲ್ಲವಾದರೆ ಕೋಣೆಯನ್ನು ಗಾಯಕ ತಂಡಕ್ಕೆ ಬಿಟ್ಟುಕೊಡಲಾಗುವುದು.'

ವಾರ್ಷಿಕ ಸಭೆ ಅವತ್ತೇ ಸಂಜೆ ಆರಕ್ಕೆ. ಹಾಳೆ ಕೈಗೆ ಬಂದು ತಿಂಗಳಾಗಿದ್ದರೂ ಅವನು ಅದನ್ನು ಕೊನೆಯವರೆಗೆ ಓದಿದ್ದು ಈಗಲೇ.

ಚರ್ಚಿನ ಹಿಂಭಾಗದ ಆ ಕೋಣೆಯಲ್ಲಿ ಇದ್ದದ್ದು ಎರಡು ಕುರ್ಚಿ, ಒಂದು ಹೂಜಿ ನೀರು. ಊರಿನಲ್ಲಿ ಬಾಯಿಬಿಟ್ಟು ಅಳಲು ಬೇರೆ ಜಾಗವಿರಲಿಲ್ಲ. ಒಂಬತ್ತು ವರ್ಷದಿಂದ ಅವನು ಅಲ್ಲಿ ಕೂತು ಜನರ ಕಷ್ಟ ಕೇಳುತ್ತಿದ್ದ. ಕಿವಿಯಣ್ಣ ಎಂಬ ಹೆಸರು ಬಂದದ್ದೂ ಹಾಗೆ. ಕೋಣೆಗೆ ಒಂದೇ ಕಟ್ಟಳೆ. ಒಳಗೆ ಕೇಳಿದ ಮಾತು ಹೊರಗೆ ಹೋಗಕೂಡದು, ಬಂದವರ ಹೆಸರನ್ನು ಯಾರಿಗೂ ಹೇಳಕೂಡದು.

"ನಾನೇ ಎದ್ದು ನಿಲ್ತೀನಿ ಬಿಡಿ," ಎಂದಳು ಹೆಂಡತಿ.

"ಮನೆಯವರ ಸಾಕ್ಷಿ ನಡೆಯಲ್ಲ."

"ಒಳ್ಳೇದೇ ಆಯ್ತು. ನನ್ನ ಮಾತು ನೀವು ಕೇಳಿದ್ದು ಯಾವಾಗ ಅಂತ ನಾನೂ ಯೋಚನೆ ಮಾಡಬೇಕಿತ್ತು."

ಕಿವಿಯಣ್ಣ ಮೊದಲು ಹೋದದ್ದು ದರ್ಜಿಯ ಅಂಗಡಿಗೆ. ಹನ್ನೊಂದು ವಾರ ಕೋಣೆಗೆ ಬಂದು, ಮುರಿಯುತ್ತಿದ್ದ ಸಂಸಾರವನ್ನು ಉಳಿಸಿಕೊಂಡ ಮನುಷ್ಯ ಅವನು. ವಿಷಯ ಕಿವಿಗೆ ಬಿದ್ದದ್ದೇ ಅವನ ಮುಖ ಒಗೆದು ಹಿಂಡಿದ ಬಟ್ಟೆಯಂತಾಯಿತು. ಕೋಣೆಯ ಪರದೆಗೆ ಅಳತೆ ತೆಗೆಯಲು ಹೋಗುತ್ತಿದ್ದೇನೆಂದು ಮನೆಯಲ್ಲಿ ಹೇಳಿದ್ದನಂತೆ. ಹನ್ನೊಂದು ವಾರ ಅಳತೆ ತೆಗೆಯುವಷ್ಟು ದೊಡ್ಡ ಕಿಟಕಿ ಅಲ್ಲಿಲ್ಲವೆಂದು ಕಿವಿಯಣ್ಣ ಹೇಳಲಿಲ್ಲ. ದರ್ಜಿಯ ಹೆಂಡತಿಯೂ ಅದೇ ಹನ್ನೊಂದು ವಾರ ಬಂದಿದ್ದಳೆಂಬುದನ್ನಂತೂ ಹೇಳುವ ಹಾಗೇ ಇರಲಿಲ್ಲ. ಕಿವಿಯಣ್ಣ ಕೈ ಮುಗಿದು, "ಇದೊಂದು ಸಲ ನನ್ನ ಕೈಬಿಡಬೇಡಿ," ಎಂದ. ರವಿಕೆಗೆ ಕಾಯುತ್ತ ಕೂತಿದ್ದ ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು.

ಅಲ್ಲಿಂದ ನಿವೃತ್ತ ಹೆಡ್‌ಮಿಸ್ ಮನೆಗೆ ನಡೆದ. ತಂಗಿ ಸತ್ತ ಮೇಲೆ ಮಾತೇ ಬಿಟ್ಟಿದ್ದ ಆಕೆ ಮತ್ತೆ ಮಾತಾಡತೊಡಗಿದ್ದು ಆ ಕೋಣೆಯಲ್ಲಿ. ಈಗ ಆಡಿದ್ದು ಒಂದೇ ಮಾತು, "ಹಿಂದಿನ ಬಾಗಿಲಿಂದ ಹೋಗಿ." ಮುಂದಿನ ಕೋಣೆಯಲ್ಲಿ ನೆಂಟರಿದ್ದರು. ಹಿಂಬಾಗಿಲ ಮೆಟ್ಟಿಲ ಮೇಲೆ ಆಗತಾನೇ ನೀರು ಸುರಿದಿದ್ದರು. ಕಿವಿಯಣ್ಣ ಕೊನೆಯ ಮೆಟ್ಟಿಲು ತಲುಪುವ ಮೊದಲೇ ಹೂವಿನ ಪಾತಿ ತಲುಪಿದ.

ಮೈಯೆಲ್ಲ ಕೆಸರು ಮಾಡಿಕೊಂಡು ಬರುತ್ತಿದ್ದವನನ್ನು ಚರ್ಚಿನ ಎದುರಿನ ಮೊಟ್ಟೆ ಅಂಗಡಿಯಾಕೆ ಕಂಡಳು. ಅವಳನ್ನು ಜನ ಸುದ್ದಿಯಕ್ಕ ಎನ್ನುತ್ತಿದ್ದರು. ಅವಳಿಗೆ ಒಂದು ಮಾತು ಹೇಳಿದರೆ ಅದು ಹೇಳಿದವನಿಗಿಂತ ಮೊದಲೇ ಅವನ ಮನೆ ಸೇರುತ್ತಿತ್ತು. ಅವನನ್ನು ಸ್ಟೂಲಿನ ಮೇಲೆ ಕೂರಿಸಿ, ನೀರು ಕೊಟ್ಟು, ಏನಾಯಿತೆಂದು ಕೇಳಿದಳು.

"ಏನಂತ ಹೇಳಲಿ ಅಕ್ಕಾ. ಹೇಳೋ ಹಾಗಿಲ್ಲ."

"ಮನೇಲಿ ಏನಾದ್ರೂ?"

"ಅದೂ ಹೇಳೋ ಹಾಗಿಲ್ಲ."

ಸುದ್ದಿಯಕ್ಕ ನಿಟ್ಟುಸಿರು ಬಿಟ್ಟು ಅವನ ಬೆನ್ನು ಸವರಿದಳು. ಇಷ್ಟು ದೊಡ್ಡ ದುಃಖ ಅವಳ ಅಂಗಡಿಗೆ ತಾನಾಗಿ ನಡೆದು ಬಂದದ್ದು ಇದೇ ಮೊದಲು.

ಇನ್ನು ಉಳಿದದ್ದು ಬಡಗಿಗಳು. ಅಣ್ಣ ತಮ್ಮ ಇಬ್ಬರೂ ಆರು ವರ್ಷ ಮಾತು ಬಿಟ್ಟಿದ್ದು ಈಗ ಒಂದಾಗಿದ್ದರು. ಕೋಣೆಗೆ ತಮ್ಮ ಕದ್ದು ಬಂದದ್ದು ಅಣ್ಣನಿಗೆ ತಿಳಿಯದು, ಅಣ್ಣ ಕದ್ದು ಬಂದದ್ದು ತಮ್ಮನಿಗೆ ತಿಳಿಯದು. ಇಬ್ಬರೂ ತಾನೇ ದೊಡ್ಡ ಮನಸ್ಸು ಮಾಡಿದೆನೆಂದು ಹೇಳಿಕೊಂಡು ತಿರುಗುತ್ತಿದ್ದರು. ತಮ್ಮನೊಂದಿಗೆ ಮಾತು ಶುರುವಾಗುವಷ್ಟರಲ್ಲಿ ಹೊರಗೆ ಅಣ್ಣನ ಕೆಮ್ಮು ಕೇಳಿಸಿತು. ತಮ್ಮ ಹಿಂದುಮುಂದು ನೋಡದೆ ಕಿವಿಯಣ್ಣನನ್ನು ಅರೆಬರೆ ಮುಗಿದಿದ್ದ ಬೀರುವಿನೊಳಗೆ ನೂಕಿದ. ಅಣ್ಣ ಬಂದವನೇ ಅದೇ ಬೀರುವಿನ ಬಾಗಿಲು ತೆರೆದ.

"ಒಳಗೆ ಯಾಕೆ ಇದೀರಿ?"

"ಹೇಳೋ ಹಾಗಿಲ್ಲ."

ಅಣ್ಣ ಅವನನ್ನು ಕೈಹಿಡಿದು ಹೊರಗೆ ತಂದ. ಮನಸ್ಸಿನಲ್ಲಿ ಭಾರ ಇಟ್ಟುಕೊಂಡು ಒಬ್ಬರೇ ಕತ್ತಲಲ್ಲಿ ಕೂರಬಾರದು ಎಂದು ನಿಧಾನವಾಗಿ ಬುದ್ಧಿ ಹೇಳಿದ. ಅವೆಲ್ಲ ಕಿವಿಯಣ್ಣನೇ ಹಿಂದೆ ಅವನಿಗೆ ಹೇಳಿದ್ದ ಮಾತುಗಳು.

ಸಂಜೆ ಆರಕ್ಕೆ ಸಭಾಂಗಣದಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳುವಂತಿರಲಿಲ್ಲ. ಗಾಯಕ ತಂಡದ ಮುಖ್ಯಸ್ಥ ಅಳತೆಪಟ್ಟಿ ಹಿಡಿದೇ ಬಂದಿದ್ದ. ಹನ್ನೊಂದು ಸಾಲುಗಳನ್ನು ಓದಿ ಮುಗಿಸಿದ ಅಧ್ಯಕ್ಷರು ಕನ್ನಡಕ ತೆಗೆದು, ಸಾಕ್ಷಿ ಹೇಳುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಯಾರೂ ಕದಲಲಿಲ್ಲ. ಇನ್ನೇನು ಮುಗಿಯಿತು ಅನ್ನುವಾಗ ದರ್ಜಿ ಎದ್ದ. ಕಿವಿಯಣ್ಣನಿಗೆ ಹೋದ ಜೀವ ಬಂದಂತಾಯಿತು.

"ಇವತ್ತು ಬೆಳಿಗ್ಗೆ ಇವರು ನಮ್ಮ ಅಂಗಡಿಗೆ ಬಂದಿದ್ರು," ಎಂದ ದರ್ಜಿ. "ಬಹಳ ನೊಂದಿದ್ರು, ಕೈಬಿಡಬೇಡಿ ಅಂತ ಕೈ ಮುಗಿದ್ರು. ನಾನು ಧೈರ್ಯ ಹೇಳಿ ಕಳಿಸಿದೆ."

ದರ್ಜಿ ಕೂರುವ ಮೊದಲೇ ಬಡಗಿ ಅಣ್ಣ ಎದ್ದು ಬೀರುವಿನ ವಿಷಯ ಹೇಳಿದ. ತಮ್ಮ ಎದ್ದು, ಮೊದಲು ಸಮಾಧಾನ ಹೇಳಿದ್ದು ತಾನೆಂದ. ಹೆಡ್‌ಮಿಸ್ ತಾನು ಹಿಂಬಾಗಿಲವರೆಗೂ ಜೊತೆಯಲ್ಲಿ ಬಂದೆನೆಂದರು. ರವಿಕೆಯ ಹೆಂಗಸರೂ ಎದ್ದರು. ಉಪಕಾರ ಹೊಂದಿದವರು ಒಬ್ಬರೂ ಸಿಗದ ಸಭೆಯಲ್ಲಿ ಉಪಕಾರ ಮಾಡಿದವರ ಸಾಲು ಬಾಗಿಲವರೆಗೆ ಬೆಳೆಯಿತು.

ಅಧ್ಯಕ್ಷರು ಮೂಗು ಒರೆಸಿಕೊಂಡರು. "ಸಭೆಯವರು ಇಷ್ಟೆಲ್ಲ ಆಪ್ತಸಲಹೆ ಕೊಟ್ಟಿದೀರಿ, ಸಂತೋಷ. ಆದ್ರೆ ಉಪಕಾರ ಆದವರು ಒಬ್ಬರು ಎದ್ದು ನಿಲ್ಲಬೇಕಲ್ಲ. ನಿಯಮ ನಿಯಮವೇ."

ಎಲ್ಲರ ಕಣ್ಣೂ ಕಿವಿಯಣ್ಣನ ಮೇಲೆ. ಪಕ್ಕದಲ್ಲಿದ್ದ ಪಾದ್ರಿಯವರು ಮೆಲ್ಲಗೆ, "ಎದ್ದುಬಿಡಪ್ಪಾ, ಕೋಣೆ ಉಳಿಯುತ್ತೆ," ಎಂದರು.

ಅವನು ಎದ್ದ. "ನನಗೆ ಉಪಕಾರ ಆಗಿದೆ," ಎಂದ.

ಚಪ್ಪಾಳೆ ಬಿತ್ತು. ಅಳತೆಪಟ್ಟಿ ಜೇಬು ಸೇರಿತು. ಇಷ್ಟು ನೊಂದಿರುವವರನ್ನು ಸಲಹೆ ಹೇಳುವ ಕುರ್ಚಿಯಲ್ಲಿ ಕೂರಿಸುವುದು ಧರ್ಮವಲ್ಲವೆಂದು ಅಧ್ಯಕ್ಷರು ಅಲ್ಲೇ ನಿರ್ಣಯ ಬರೆಸಿದರು. ಅವನಿಗೆ ಒಂದು ವರ್ಷ ವಿಶ್ರಾಂತಿ. ಅಲ್ಲಿಯವರೆಗೆ ಆ ಕುರ್ಚಿ, ಅವನ ಸಂಕಟವನ್ನು ಎಲ್ಲರಿಗಿಂತ ಮೊದಲು ಸಭೆಯವರ ಗಮನಕ್ಕೆ ತಂದ ಸುದ್ದಿಯಕ್ಕನಿಗೆ. ಎದುರಿನ ಕುರ್ಚಿಯಲ್ಲಿ ಮೊದಲು ಕೂರಬೇಕಾದವನು ಅವನೇ.

ಸುದ್ದಿಯಕ್ಕ ಹತ್ತಿರ ಬಂದು ಅವನ ಕೈ ಹಿಡಿದಳು. "ಗುರುವಾರ ಹತ್ತಕ್ಕೆ ಬಾಪ್ಪಾ. ಏನಿದ್ರೂ ಮನಸ್ಸು ಬಿಚ್ಚಿ ಹೇಳು. ನಾವಾಡಿದ ಮಾತು ಆ ಗೋಡೆ ದಾಟಲ್ಲ."

ಕಿವಿಯಣ್ಣ ಸಭಾಂಗಣದಿಂದ ಗೇಟಿಗೆ ನಡೆದು ಬರುವಷ್ಟರಲ್ಲಿ, ಗುರುವಾರ ಹತ್ತು ಗಂಟೆ ಮರೆಯಬೇಡಿ ಎಂದು ಏಳು ಜನ ನೆನಪಿಸಿದರು. ಅವರಲ್ಲಿ ಮೂವರು ಸಭೆಗೆ ಬಂದೇ ಇರಲಿಲ್ಲ.