ಕಾವಲು ಪ್ರೋಗ್ರಾಮೂ ಕಾಫಿ ಲೋಟವೂ

ತನ್ನನ್ನು ತಾನೇ ನೋಡಿಕೊಳ್ಳುವ ಕಂಪ್ಯೂಟರ್ ಇದ್ದಲ್ಲಿ ಯಾರಿಗಾದರೂ ಹೊಟ್ಟೆ ಉರಿಯುವುದು ತಪ್ಪುವುದಿಲ್ಲ. ನಮ್ಮ ಸೀಮೆಯಲ್ಲಿ ಅದು ಸಾಮಾನ್ಯವಾಗಿ ನನಗೇ.

ಕುಂಕುಮ

ಕೊಳ್ಳೇಗಾಲದ ಒಂದು ರೇಷ್ಮೆ ಸೀರೆ ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್ ನಿಂತಾಗಲೆಲ್ಲ ನನಗೇ ಫೋನ್ ಬರುತ್ತಿತ್ತು. ಹೋದರೆ ಕುರ್ಚಿ, ಫ್ಯಾನು, ದೊಡ್ಡ ಲೋಟದಲ್ಲಿ ಕಾಫಿ. ನಾನು ಕಾಲೇಜು ಮೆಟ್ಟಿಲು ಹತ್ತಿದವಳಲ್ಲ, ಪುಸ್ತಕ ಓದಿ ಓದಿ ಕಲಿತವಳು. ಆ ಹೆಮ್ಮೆಗೆ ಒಂದು ಕಾವಲು ಪ್ರೋಗ್ರಾಮ್ ಬರೆದು ಕೂರಿಸಿದೆ. ಕಂಪ್ಯೂಟರಿನ ಮೇಲೆ ಕಣ್ಣಿಡುವುದು, ಏನು ಕೆಟ್ಟಿದೆ ಎಂದು ಯೋಚಿಸುವುದು, ತಾನೇ ಸರಿಮಾಡುವುದು ಅದರ ಕೆಲಸ. ಅವತ್ತಿನಿಂದ ಫೋನೂ ಇಲ್ಲ, ಕಾಫಿಯೂ ಇಲ್ಲ. ತಡೆಯಲಾರದೆ ಒಂದು ದಿನ ನಾನೇ ಹೋದೆ. ಅಂಗಡಿ ಯಜಮಾನರ ತಾಯಿ ಕಂಪ್ಯೂಟರಿಗೆ ಕುಂಕುಮ ಇಡುತ್ತಿದ್ದರು.

"ನೀನು ಅದೇನೋ ಹಾಕಿದ್ಮೇಲೆ ಒಂದಿನಾನೂ ಕೆಟ್ಟಿಲ್ಲ ಕಣವ್ವ" ಅಂದರು. "ನೀನು ಬರ್ತಿದ್ದಾಗ್ಲೇ ಕೆಡ್ತಿದ್ದದ್ದು."

ಸೀರೆ ನೋಡಿದ್ದು

ಅದೇ ಅಂಗಡಿಯವರು ಹನೂರಿನಲ್ಲಿ ಇನ್ನೊಂದು ಅಂಗಡಿ ತೆರೆದರು. ಅಲ್ಲಿಗೆ ಕಾವಲು ಪ್ರೋಗ್ರಾಮ್ ಬರೆಯಲು ಯಳಂದೂರಿನ ಇಂಜಿನಿಯರ್ ಒಬ್ಬನನ್ನು ಕರೆಸಿದ್ದಾರೆಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ. ಸೀರೆ ನೋಡುವ ನೆಪದಲ್ಲಿ ಬಸ್ಸು ಹತ್ತಿ ಹೋಗಿ, ಗಲ್ಲಾದ ಹಿಂದಿನ ಕಂಪ್ಯೂಟರ್ ಪರದೆಯನ್ನು ಕತ್ತು ಉದ್ದ ಮಾಡಿ ನೋಡಿದೆ. ಚೆನ್ನಾಗಿಯೇ ಬರೆದಿದ್ದ. ಸಂಕಟವಾದದ್ದೇ ಅದಕ್ಕೆ.

ಸೀರೆ ಹರವಿದ್ದ ಹುಡುಗಿ ಕರೆದಳು. "ಸೀರೆ ಈ ಕಡೆ ಅದೆ ಕಣಕ್ಕ. ಅಲ್ಲಿರೋದು ಬಿಲ್ಲು, ಆಮೇಲೆ ನೋಡೀರಂತೆ."

ಇಬ್ಬರು ಯಜಮಾನರು

ಕಡೆಗೆ ಎರಡೂ ಅಂಗಡಿಯ ಕಂಪ್ಯೂಟರುಗಳನ್ನು ಜೋಡಿಸಿದರು. ಒಂದು ನಿಂತರೆ ಇನ್ನೊಂದು ಎರಡೂ ಕಡೆಯ ಬಿಲ್ ವಹಿಸಿಕೊಳ್ಳಬೇಕು. ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಅಂಗಡಿಗೆಲ್ಲ ಸಾಂಬ್ರಾಣಿ ಹೊಗೆ ಹಾಕುವುದು ಅವರ ಪದ್ಧತಿ. ಹೊಗೆ ತಾಗಬಾರದೆಂದು ತಾಯಿ ಕೊಳ್ಳೇಗಾಲದ ಕಂಪ್ಯೂಟರನ್ನು ಆಫ್ ಮಾಡಿದರು. ಇದು ಸತ್ತಿತೆಂದು ಹನೂರಿನದು ಯಜಮಾನಿಕೆ ವಹಿಸಿಕೊಂಡಿತು. ಹೊಗೆ ಮುಗಿದು ಇದನ್ನು ಹಾಕಿದರೆ ಇದೂ ತಾನೇ ಯಜಮಾನ ಎಂದಿತು. ಅದು ಇದನ್ನು ಆಫ್ ಮಾಡುವುದು, ಇದು ಅದನ್ನು ಆಫ್ ಮಾಡುವುದು. ಮದುವೆ ಸೀರೆ ಆರಿಸಿದವರು ಬಿಲ್ಲಿಲ್ಲದೆ ನಿಂತಿದ್ದರು.

ಕೊನೆಗೂ ಫೋನ್ ಬಂತು. ಓಡಿದೆ. ನೋಡಿದರೆ ಇಂಜಿನಿಯರನ್ನೂ ಕರೆಸಿದ್ದರು. ನನ್ನ ಕುರ್ಚಿಯಲ್ಲೇ ಕೂತಿದ್ದ. ನಿಮ್ಮ ಪ್ರೋಗ್ರಾಮನ್ನು ನಿಲ್ಲಿಸಿ ಅಂದ. ಮೊದಲು ನಿನ್ನದು ಅಂದೆ. ಅವನ ಕೆಲಸದಲ್ಲಿ ತಪ್ಪಿಲ್ಲವಂತೆ. ನನ್ನದರಲ್ಲಂತೂ ಇರಲೇ ಇಲ್ಲ.

ತಾಯಿ ಮಗನಿಗೆ ಹೇಳಿದರು. "ಅವೆರಡ್ಕೂ ಏನೂ ಕಾಯ್ಲೆ ಇಲ್ಲ ಕಣಪ್ಪ. ಹುಟ್ಟಿಸ್ದೋರ ಬುದ್ಧಿ ಬಂದದೆ, ಅಷ್ಟೇಯ."

ನಾಚಿಕೆಯಾಗಿ ಇಬ್ಬರೂ ನಮ್ಮ ನಮ್ಮದನ್ನು ನಿಲ್ಲಿಸಿದೆವು. ಕಾಫಿ ಬಂತು. ದೊಡ್ಡ ಲೋಟವನ್ನು ಅವನ ಮುಂದಿಟ್ಟರು.

ನಾನು ನನ್ನದನ್ನು ಮತ್ತೆ ಚಾಲೂ ಮಾಡಿದೆ.