ಒಂದು ದೇಶ ನನ್ನ ಬಾಯಿಗೆ ಬಿದ್ದ ದಿನ

ನನಗೆ ಫ್ರೆಂಚ್ ಬರುತ್ತದೆ. ಈ ಮಾತನ್ನು ನಾನು ಹಲಸೂರಿನಲ್ಲಿ ಬಹಳ ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ನಮ್ಮ ಬೀದಿಯಲ್ಲಿ ಕನ್ನಡ, ತಮಿಳು, ಉರ್ದು, ತೆಲುಗು, ಇಂಗ್ಲಿಷ್ ಎಲ್ಲವೂ ಬರುವವರಿದ್ದಾರೆ. ಅವುಗಳಲ್ಲಿ ಯಾವುದು ಬರುತ್ತದೆಂದು ಸುಳ್ಳು ಹೇಳಿದರೂ ಸಂಜೆಯೊಳಗೆ ಸಿಕ್ಕಿಬೀಳುತ್ತೇವೆ. ಫ್ರೆಂಚ್ ಒಂದೇ ಸುರಕ್ಷಿತ!

ಪೂರ್ತಿ ಸುಳ್ಳೂ ಅಲ್ಲ. ಕಾಲೇಜು ಮುಗಿಸಿ ಕೆಲಸವಿಲ್ಲದೆ ಅಲೆಯುತ್ತಿದ್ದ ಕಾಲದಲ್ಲಿ ಕಂಟೋನ್ಮೆಂಟ್ ಕಡೆ ಒಂದು ಸಂಜೆ ತರಗತಿಗೆ ಹೋಗಿ ಫ್ರೆಂಚ್ ಕಲಿತಿದ್ದೆ. ಆಮೇಲೆ ಅಪ್ಪನ ಕಾಲದ ಹೂವಿನ ತೋಟದ ಜಾಗದಲ್ಲಿ ಮಳಿಗೆಗಳೆದ್ದವು, ಬಾಡಿಗೆ ಬರತೊಡಗಿತು. ಬಾಡಿಗೆ ವಸೂಲಿಗೆ ಫ್ರೆಂಚ್ ಬೇಕಾಗಲಿಲ್ಲ.

ಹೀಗಿರುವಾಗ ಒಂದು ದಿನ ನನ್ನ ನಾದಿನಿ ಶೋಭಾ ಫೋನ್ ಮಾಡಿದಳು. ಅವಳು ಇಂದಿರಾನಗರದ ಒಂದು ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಏನು ಕೆಲಸವೆಂದು ಅವಳು ಹೇಳಿದಾಗಲೆಲ್ಲ ನಾನು ತಲೆಯಾಡಿಸಿದ್ದೆನೇ ಹೊರತು ಅರ್ಥ ಮಾಡಿಕೊಂಡಿರಲಿಲ್ಲ.

"ಭಾವ, ಒಂದು ಉಪಕಾರ ಆಗ್ಬೇಕು. ನಾಳೆ ನಮ್ಮ ಆಫೀಸಿಗೆ ಒಂದು ದ್ವೀಪ ದೇಶದಿಂದ ಸರ್ಕಾರಿ ಅಧಿಕಾರಿ ಬರ್ತಿದ್ದಾರೆ. ಫ್ರೆಂಚ್ ಬಿಟ್ರೆ ಬೇರೆ ಬರಲ್ಲ. ನಮ್ಮ ದುಭಾಷಿ ಮೇರಿ ಮೇಡಂ ಕುಕ್ ಟೌನ್ ಮನೇಲಿ ಮೆಟ್ಟಿಲಿಂದ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸ್ಕೊಂಡಿದ್ದಾರೆ."

"ಬರ್ತೀನಿ ಬಿಡು," ಎಂದೆ. "ಏನು ವಿಷಯ?"

"ಅವರ ದೇಶದ ಎಂಗೇಜ್‌ಮೆಂಟ್."

"ಯಾವ ದೇಶದ ಜೊತೆ?"

ಅವಳು ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು. ಬದ್ಧತೆಗೆ ಫ್ರೆಂಚಿನಲ್ಲಿ ಹಾಗನ್ನುತ್ತಾರಂತೆ. ಭೂಮಿ ಬಿಸಿಯಾಗುತ್ತಿರುವುದರಿಂದ ಪ್ರತಿ ದೇಶವೂ ತಾನು ಎಷ್ಟು ಹೊಗೆ ಕಡಿಮೆ ಮಾಡುತ್ತೇನೆ, ಏರುವ ಸಮುದ್ರದಿಂದ ತನ್ನ ಜನರನ್ನು ಹೇಗೆ ಕಾಪಾಡುತ್ತೇನೆ ಎಂದು ಲೋಕಕ್ಕೆ ಬರೆದು ಮಾತು ಕೊಡಬೇಕು. ಸಣ್ಣ ದೇಶಗಳಿಗೆ ಅದನ್ನು ಲೆಕ್ಕ ಹಾಕಿ ಬರೆಯುವಷ್ಟು ತಜ್ಞರಿರುವುದಿಲ್ಲ. ಅಂಥ ದೇಶಗಳಿಗೆ ಶೋಭಾಳ ಕಚೇರಿ ನೆರವಾಗುತ್ತದೆ. ಈ ಅಧಿಕಾರಿ ನಾಡಿದ್ದೇ ಊರಿಗೆ ಹೊರಡುವವರಾದ್ದರಿಂದ ಎಲ್ಲವೂ ನಾಳೆಯೇ ತೀರ್ಮಾನವಾಗಬೇಕು.

"ಹೆಸರು ಅಲಿ. ಹೋಟೆಲ್ ಲಾಬೀಲಿ ಕೂತಿರ್ತಾರೆ. ಫೋಟೋ ಕಳಿಸಿದ್ದೀನಿ, ನೋಡ್ಕೊಳ್ಳಿ ಭಾವ."

ಫೋಟೋ ತೆರೆದೆ. ಮಸುಕಾದ ಒಂದು ಮುಖದ ಮೇಲೆ ಡೌನ್‌ಲೋಡ್‌ನ ಚಕ್ರ ಸುತ್ತುತ್ತಲೇ ಇತ್ತು. ಭಾಷೆ ಬಲ್ಲವನಿಗೆ ಫೋಟೋ ಯಾಕೆ ಎಂದು ಬಿಟ್ಟುಬಿಟ್ಟೆ. ನನ್ನ ಹೆಂಡತಿ ಗಿರಿಜಾ ಮಾತ್ರ ಅನುಮಾನದಿಂದ ನೋಡಿದಳು.

"ರೀ, ನಿಜವಾಗ್ಲೂ ಬರುತ್ತಾ ನಿಮಗೆ? ನನ್ನ ತಂಗಿ ಕೆಲಸದ ವಿಷಯ ಇದು."

"ಒಂದು ದೇಶಾನೇ ನನ್ನನ್ನ ನಂಬ್ತಿದೆ, ನಿನಗೇನು ಕಷ್ಟ?" ಎಂದೆ.

ಬೆಳಿಗ್ಗೆ ಕಚೇರಿಯ ಕಾರು ಬಂತು. ಡ್ರೈವರ್ ಇಮ್ರಾನ್ ಶಿವಾಜಿನಗರದವನು. ಹೋಟೆಲಿನ ಲಾಬಿಗೆ ಕಾಲಿಟ್ಟೆ. ಅಲ್ಲಿ ಬಿಳಿ ಗಡ್ಡದ, ಶಾಂತ ಮುಖದ ಹಿರಿಯರೊಬ್ಬರು ಕೂತಿದ್ದರು. ಹತ್ತಿರ ಹೋಗಿ, "ಬೊಂಜೂರ್! ಮೊಸ್ಯೂ ಅಲಿ?" ಎಂದೆ. ಅವರು ಧಡಕ್ಕನೆ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು. ನನ್ನ ಫ್ರೆಂಚ್‌ಗೆ ಮೊದಲ ಜಯ!

ಕಾರಿನಲ್ಲಿ ಅವರು ಏನೇನೋ ಮಾತಾಡಿದರು. ನಾನು ಎಲ್ಲದಕ್ಕೂ "ವೀ, ವೀ" ಎಂದೆ. ಹೌದು ಎನ್ನುವುದಕ್ಕೆ ಫ್ರೆಂಚಿನಲ್ಲಿ ಹಾಗೇ. ನಡುವೆ ಅವರು ತಮ್ಮ ಕಣ್ಣು ತೋರಿಸಿ ಏನೋ ಕೇಳಿದರು. ಬೆಂಗಳೂರಿನ ಧೂಳಿನ ಬಗ್ಗೆ ಇರಬೇಕೆಂದು ಅದಕ್ಕೂ "ವೀ" ಎಂದೆ. ಅವರಿಗೆ ತುಂಬಾ ಸಮಾಧಾನವಾಯಿತು.

ಕಚೇರಿಯಲ್ಲಿ ಅದ್ದೂರಿ ಸ್ವಾಗತ. ಶೋಭಾಳ ಬಾಸ್ ರಾಮಮೂರ್ತಿಯವರು ಸ್ವತಃ ಮೈಸೂರು ಪೇಟ ತೊಡಿಸಿ ಶಾಲು ಹೊದಿಸಿದರು. ಪೇಟ ಒಂದು ಸೈಜು ದೊಡ್ಡದಾಗಿ ಹುಬ್ಬಿನವರೆಗೆ ಇಳಿಯಿತು. ಶೋಭಾ ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್‌ಗಳ ಜಗಳ ಬಿಡಿಸುತ್ತಿದ್ದವಳು ದೂರದಿಂದಲೇ ಕೈ ಮುಗಿದಳು. ಅವಳ ಬಳಿ ಇದ್ದದ್ದು ಅವರ ಹಳೆಯ ಪಾಸ್‌ಪೋರ್ಟ್ ಫೋಟೋ. ಪಾಸ್‌ಪೋರ್ಟ್ ಫೋಟೋದಲ್ಲಿ ಯಾರು ತಾನೇ ತಮ್ಮಂತೆ ಇರುತ್ತಾರೆ? ಕೇಸರಿಬಾತ್, ಖಾರಾಬಾತ್ ಬಂದವು. ಅತಿಥಿಗಳು ಮೊದಲು ಬೇಡವೆಂದು ಕೈಯಾಡಿಸಿದರು. ಸಂಕೋಚವೆಂದು ತಿಳಿದು ನಾನೇ ಚಮಚ ಕೈಗೆ ಕೊಟ್ಟು ಬಲವಂತ ಮಾಡಿದೆ. ಎರಡು ತಟ್ಟೆ ತಿಂದರು.

ಸಭೆ ಶುರುವಾಯಿತು. ಮೇಜಿನ ಸುತ್ತ ಐದಾರು ಮಂದಿ ತಜ್ಞರು. ಹಾಲ್‌ನ ಎಡಗೋಡೆಗೆ ಒಂದು ಎಸಿ, ಬಲಗೋಡೆಗೆ ಒಂದು ಎಸಿ. ಎರಡೂ ಸಂಕ್ರಾಂತಿ ಹೊತ್ತಿನ ಬೆಳಗಿನ ಜಾವವನ್ನು ಉಗುಳುತ್ತಿದ್ದವು. ಅತಿಥಿಗಳು ಶಾಲನ್ನು ಕುತ್ತಿಗೆಗೆ ಸುತ್ತಿಕೊಂಡು ಪೇಟವನ್ನು ಕಿವಿಗೆ ಎಳೆದುಕೊಂಡರು. ಪೇಟದ ಮೇಲಿನ ಗೌರವ ಎಂದು ನಾವೆಲ್ಲ ಸಂತೋಷಪಟ್ಟೆವು.

ರಾಮಮೂರ್ತಿ ನನ್ನ ಕಡೆ ತಿರುಗಿದರು. "ಕೇಳಿ ಸಾರ್, ಕ್ಲೈಮೇಟ್ ಚೇಂಜ್ ವಿಚಾರದಲ್ಲಿ ಅವರ ನಿರೀಕ್ಷೆ ಏನು ಅಂತ."

ಹವಾಮಾನಕ್ಕೆ 'ಕ್ಲಿಮಾ' ಎಂಬ ಪದ ನನಗೆ ನೆನಪಿತ್ತು. ಆದರೆ ಇಷ್ಟು ದೊಡ್ಡ ಸಭೆಗೆ ಅದು ತೀರಾ ಚಿಕ್ಕದೆನಿಸಿತು. ಅದೇ ಮನೆತನದ ಉದ್ದನೆಯ ಪದವೊಂದು ನಾಲಿಗೆಯ ತುದಿಯಲ್ಲಿತ್ತು. ಗಂಟಲು ಸರಿಮಾಡಿಕೊಂಡು, "ಮೊಸ್ಯೂ, ಕ್ಲಿಮತಿಸಾಸ್ಯೋಂ ಬದಲಾವಣೆ ವಿಷಯದಲ್ಲಿ ನಿಮಗೆ ಏನು ಬೇಕು?" ಎಂದು ಫ್ರೆಂಚಿನಲ್ಲಿ ಕೇಳಿಯೇ ಬಿಟ್ಟೆ.

ಅವರ ಮುಖ ಅರಳಿತು. "ಕಡಿಮೆ ಮಾಡಬೇಕು!" ಎಂದರು.

ನಾನು ಅನುವಾದಿಸಿದೆ. ಎಲ್ಲರೂ ತಲೆದೂಗಿದರು.

"ಎಷ್ಟು?" ಎಂದರು ರಾಮಮೂರ್ತಿ.

"ಎಷ್ಟಾಗುತ್ತೋ ಅಷ್ಟು. ಪೂರ್ತಿ ನಿಲ್ಲಿಸಿದರೂ ಒಳ್ಳೆಯದೇ."

"ಯಾವ ಇಸವಿ ಒಳಗೆ?"

"ಈಗಲೇ!"

ಚಪ್ಪಾಳೆಯೋ ಚಪ್ಪಾಳೆ! ಇಷ್ಟು ಗಟ್ಟಿ ಮನಸ್ಸಿನ ದೇಶವನ್ನು ತಾವು ಕಂಡೇ ಇಲ್ಲ ಎಂದರು ಒಬ್ಬ ತಜ್ಞರು. ನನ್ನ ಎದೆ ಉಬ್ಬಿತು. ಶೋಭಾ ನನ್ನತ್ತ ನೋಡಿ ಹೆಬ್ಬೆರಳೆತ್ತಿದಳು.

"ಒಂದೇ ಸಲಕ್ಕೆ ಆಗಲ್ಲ, ಹಂತ ಹಂತವಾಗಿ ಮಾಡ್ಬೇಕು. ಎಲ್ಲಿಂದ ಶುರು ಅಂತ ಕೇಳಿ," ಎಂದರು ರಾಮಮೂರ್ತಿ.

ಕೇಳಿದೆ. ಅತಿಥಿಗಳು ಅತ್ತಿತ್ತ ನೋಡಿ, "ಮೊದಲು ಎಡಗಡೆಯದು. ಆಮೇಲೆ ಬಲಗಡೆಯದು," ಎಂದರು.

ನನಗೆ ಗೊಂದಲವಾಯಿತು. ದುಭಾಷಿಯ ಕೆಲಸ ಅನುವಾದಿಸುವುದೇ ಹೊರತು ಯೋಚಿಸುವುದಲ್ಲ ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ರಾಮಮೂರ್ತಿ ಎದ್ದುನಿಂತು ಬೋರ್ಡಿನ ಮೇಲೆ ದ್ವೀಪದ ಚಿತ್ರ ಬರೆದರು. "ಅರ್ಥ ಆಯ್ತಾ? ಮೊದಲು ವೆಸ್ಟ್ ಕೋಸ್ಟ್, ನೆಕ್ಸ್ಟ್ ಈಸ್ಟ್ ಕೋಸ್ಟ್! ಎಂಥಾ ಕ್ಲಿಯರ್ ಥಿಂಕಿಂಗ್ ರೀ!" ಶೋಭಾ ಟೈಪ್ ಮಾಡಿಕೊಂಡಳು.

"ಇನ್ನು ಮುಖ್ಯವಾದ ಪ್ರಶ್ನೆ. ಇದರಲ್ಲಿ ಸ್ವಂತವಾಗಿ ಎಷ್ಟು ಮಾಡ್ತಾರೆ, ಹೊರಗಿನ ಸಹಾಯ ಬಂದ್ರೆ ಎಷ್ಟು ಮಾಡ್ತಾರೆ?"

ಅತಿಥಿಗಳು ಕತ್ತೆತ್ತಿ ಗೋಡೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು. "ನನ್ನೊಬ್ಬನಿಂದ ಆಗುವುದಿಲ್ಲ. ತುಂಬಾ ಎತ್ತರದಲ್ಲಿದೆ. ಯಾರಾದರೂ ಕೈ ಜೋಡಿಸಿದರೆ ಈ ಕ್ಷಣ ಮಾಡುತ್ತೇನೆ."

"ಗುರಿ ಎತ್ತರದ್ದು, ನೆರವು ಬೇಕು," ಎಂದು ಎಲ್ಲರೂ ಗಂಭೀರವಾಗಿ ಬರೆದುಕೊಂಡರು. ಮತ್ತೆ ಚಪ್ಪಾಳೆ.

ಈ ಸಲ ಅತಿಥಿಗಳಿಗೆ ಸಿಟ್ಟು ಬಂತು. ಮೇಜು ಗುದ್ದಿ ಏನೋ ಅಂದರು. ನಾನು ಒಂದೊಂದೇ ಪದ ಹೆಕ್ಕಿ ಅನುವಾದಿಸಿದೆ:

"ಎಲ್ಲರೂ ಕೇಳುತ್ತೀರಿ, ಬರೆದುಕೊಳ್ಳುತ್ತೀರಿ, ಚಪ್ಪಾಳೆ ತಟ್ಟುತ್ತೀರಿ. ಕಡಿಮೆ ಮಾಡುವವರು ಮಾತ್ರ ಒಬ್ಬರೂ ಇಲ್ಲ!"

ಒಬ್ಬರು ತಲೆ ತಗ್ಗಿಸಿದರು. ಮೂಲೆಯಲ್ಲಿದ್ದ ತಜ್ಞೆಯೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ರಾಮಮೂರ್ತಿ ಮೆಲ್ಲಗೆ, "ಇಷ್ಟು ವರ್ಷದ ಮೀಟಿಂಗ್‌ಗಳಲ್ಲಿ ಈ ಸತ್ಯಾನ ಯಾರೂ ಮುಖಕ್ಕೆ ಹೊಡೆದ ಹಾಗೆ ಹೇಳಿರ್ಲಿಲ್ಲ," ಎಂದರು.

ಆಗ ಮೊಸ್ಯೂ ಅಲಿ ಎದ್ದರು. ತಮ್ಮ ಕುರ್ಚಿಯನ್ನು ದರದರ ಎಳೆದುಕೊಂಡು ಎಡಗೋಡೆಗೆ ಹೋದರು. ಶಾಲು ಬಿಗಿಯಾಗಿ ಸುತ್ತಿಕೊಂಡು, ಪೇಟ ಸರಿಪಡಿಸಿಕೊಂಡು ಕುರ್ಚಿ ಹತ್ತಿದರು. ಕೈ ಚಾಚಿದರು. ಎಟುಕಲಿಲ್ಲ. ಅಲ್ಲಿಂದಲೇ ಎಸಿಯ ಕಡೆ ಬೆರಳು ತೋರಿಸುತ್ತಾ ಅಳುವ ದನಿಯಲ್ಲಿ ಕೂಗಿದರು:

"ಕ್ಲಿಮತಿಸಾಸ್ಯೋಂ!"

ಆ ಉದ್ದನೆಯ ಪದದ ಅರ್ಥ ನನಗೆ ಆ ಕ್ಷಣದಲ್ಲಿ ನೆನಪಾಯಿತು. ಹವಾಮಾನವಲ್ಲ. ಎಸಿ!

ಹಾಲ್‌ನಲ್ಲಿ ಬೆವರುತ್ತಿದ್ದವನು ನಾನೊಬ್ಬನೇ. ನೆಲ ಬಾಯಿ ಬಿಡಲಿ ಎಂದು ಕಾಯುತ್ತಿರುವಾಗ ಬಾಗಿಲು ತೆರೆದು ಇಮ್ರಾನ್ ಒಳಗೆ ಬಂದ.

"ಸಾರ್, ಗಡಬಡ್ ಆಗ್ಬಿಟ್ಟಿದೆ. ಹೋಟೆಲ್‌ನಿಂದ ಫೋನು. ಒಂದೇ ದೇಶದೋರು ಇಬ್ರು ಅಲಿ ಸಾಹೇಬ್ರು ಇದ್ರಂತೆ. ಒಬ್ರು ಆಫೀಸರ್. ಇನ್ನೊಬ್ರು ಕಣ್ಣಿನ ಪೊರೆ ಆಪರೇಷನ್‌ಗೆ ಬಂದೋರು. ನಾವು ತಂದಿರೋದು ಕಣ್ಣಿನೋರನ್ನ!"

"ಹಾಗಾದ್ರೆ ಆಫೀಸರ್ ಎಲ್ಲಿ?" ಎಂದಳು ಶೋಭಾ. ಅವಳ ದನಿ ಸಣ್ಣಗಾಗಿತ್ತು.

"ಆಸ್ಪತ್ರೆ ಗಾಡೀಲಿ ಹತ್ತಿಸ್ಕೊಂಡು ಹೋದ್ರಂತೆ ಮೇಡಂ."

ಪೇಟ ಧರಿಸಿದ ಅಲಿಯವರನ್ನು ಕೂರಿಸಿಕೊಂಡು ನಾನು, ಶೋಭಾ, ಇಮ್ರಾನ್ ಕಮ್ಮನಹಳ್ಳಿಯ ಕಡೆ ಓಡಿದೆವು. ಓಡಿದೆವು ಎನ್ನುವುದು ನಮ್ಮ ಆಸೆ. ಬಾಣಸವಾಡಿಯ ಟ್ರಾಫಿಕ್‌ನಲ್ಲಿ ತೆವಳಿದೆವು. ಶೋಭಾ ನನ್ನನ್ನು ಬೈಯಲಿಲ್ಲ. ಕಿಟಕಿಯಾಚೆ ನೋಡುತ್ತಾ, "ಆ ಮನುಷ್ಯನಿಗೆ ಆಪರೇಷನ್ ಮಾಡ್ಬಿಟ್ಟಿದ್ರೆ ಏನು ಗತಿ ಭಾವ?" ಎಂದಳು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆಸ್ಪತ್ರೆಯಲ್ಲಿ ಹಸಿರು ನಿಲುವಂಗಿ, ತಲೆಗೆ ಹಸಿರು ಟೋಪಿ, ಕಪ್ಪು ಕನ್ನಡಕ ಹಾಕಿಕೊಂಡ ಮಧ್ಯವಯಸ್ಸಿನ ಗೃಹಸ್ಥರೊಬ್ಬರು ಬೆಂಚಿನ ಮೇಲೆ ಸಮಾಧಾನವಾಗಿ ಕೂತಿದ್ದರು. ತೊಡೆಯ ಮೇಲೆ ಕಡತಗಳ ಚೀಲ. ದೇವರು ದೊಡ್ಡವನು, ಆಪರೇಷನ್ ಇನ್ನೂ ಆಗಿರಲಿಲ್ಲ. ಕಣ್ಣಿನ ಪಾಪೆ ಅಗಲವಾಗಲು ಹನಿ ಮಾತ್ರ ಹಾಕಿದ್ದರು. ಕಾಲು ಮುರಿದವರೂ ಬಾಯಿಂದ ಮಾತಾಡಬಹುದೆಂಬುದು ಶೋಭಾಗೆ ಹೊಳೆದದ್ದು ಆಗ. ಕುಕ್ ಟೌನ್‌ಗೆ ಫೋನ್ ಹಚ್ಚಿದಳು. ಅಧಿಕಾರಿಗಳು ಹೇಳಿದ್ದನ್ನು ಮೇರಿ ಮೇಡಂ ಸ್ಪೀಕರ್‌ನಲ್ಲಿ ತಿಳಿಸಿದರು:

"ಬೆಂಗಳೂರಿನ ಧೂಳು, ಹೊಗೆ ಬಗ್ಗೆ ಕೇಳಿ ತಿಳಿದಿದ್ದರಂತೆ. ಸಭೆಗೆ ಮೊದಲು ಎಲ್ಲ ಅತಿಥಿಗಳಿಗೂ ಹೀಗೆ ಕಣ್ಣಿಗೆ ಹನಿ ಹಾಕ್ತೀರಿ ಅಂದ್ಕೊಂಡ್ರಂತೆ. ಏರ್ಪಾಡು ತುಂಬಾ ಚೆನ್ನಾಗಿದೆ ಅಂತಿದ್ದಾರೆ."

ನರ್ಸಮ್ಮ ನಮ್ಮ ಅಲಿಯವರ ಕೈ ಹಿಡಿದು ಒಳಗೆ ಕರೆದೊಯ್ಯುತ್ತಾ, "ಇವರೇನಾದ್ರೂ ತಿಂದಿದ್ದಾರಾ? ಖಾಲಿ ಹೊಟ್ಟೇಲಿ ಬ್ಲಡ್ ಟೆಸ್ಟ್ ಇತ್ತು," ಎಂದರು.

"ಸ್ವಲ್ಪ ಕೇಸರಿಬಾತ್," ಎಂದೆ.

ಅವರು ನನ್ನನ್ನು ನೋಡಿದ ನೋಟಕ್ಕೆ ಯಾವ ಭಾಷೆಯ ದುಭಾಷಿಯೂ ಬೇಕಿರಲಿಲ್ಲ.

ಮಧ್ಯಾಹ್ನ ನಿಜವಾದ ಸಭೆ ಸೇರಿತು. ಎರಡೂ ಎಸಿ ಬಂದ್, ಪರದೆ ಇಳಿಬಿಟ್ಟಿತ್ತು. ಅಧಿಕಾರಿ ಅಲಿಯವರಿಗೆ ಬೆಳಕು ನೋಡಲಾಗುತ್ತಿರಲಿಲ್ಲ, ಅಕ್ಷರವಂತೂ ಕಾಣುತ್ತಲೇ ಇರಲಿಲ್ಲ. ಮೇರಿ ಮೇಡಂ ಫೋನಿನಲ್ಲೇ ಇಡೀ ಕರಡನ್ನು ಅವರಿಗೆ ವಿವರಿಸುವುದೆಂದು ತೀರ್ಮಾನವಾಯಿತು. ಮೇಜಿನ ಮೇಲಿಟ್ಟರೆ ಫೋನಿನ ದನಿ ಸರಿಯಾಗಿ ಕೇಳುತ್ತಿರಲಿಲ್ಲ. ಕೈಯಲ್ಲಿ ಹಿಡಿಯಲು ಬಿಡುವಾಗಿದ್ದವನು ಒಬ್ಬನೇ.

ಹಿಡಿದೆ. ಅವರು ಮಾತಾಡುವಾಗ ಅವರ ಬಾಯಿಯ ಹತ್ತಿರ, ಮೇಡಂ ಮಾತಾಡುವಾಗ ಎಲ್ಲರಿಗೂ ಕೇಳುವಂತೆ ಎತ್ತರದಲ್ಲಿ.

ಬೆಳಗಿನ ಟಿಪ್ಪಣಿ ಓದಿದಾಗ ಅವರು ಕಪ್ಪು ಕನ್ನಡಕದೊಳಗಿಂದ ಕೇಳಿದರು: "ನಮ್ಮ ದೇಶ ಎಲ್ಲವನ್ನೂ ಈಗಲೇ ನಿಲ್ಲಿಸುತ್ತದೆ ಅಂದವರು ಯಾರು?" ರಾಮಮೂರ್ತಿ ನನ್ನ ಕಡೆ ನೋಡಿದರು. ನಾನು ಫೋನಿನ ಕಡೆ ನೋಡಿದೆ. ಶೋಭಾ ಅದನ್ನೆಲ್ಲ ಅಳಿಸಿದಳು. ಅಧಿಕಾರಿಗಳು ನಗದೆ ಇದ್ದಿದ್ದರೆ ನಾನು ಅಲ್ಲಿಂದ ನೇರ ಮನೆಗೆ ಹೋಗುತ್ತಿದ್ದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ನಗು ನಿಲ್ಲಿಸಿ ತಮ್ಮೂರಿನ ಬಾವಿಯ ವಿಷಯ ಹೇಳಿದರು. ತಾವು ಹುಡುಗರಾಗಿದ್ದಾಗ ಸಿಹಿಯಾಗಿದ್ದ ನೀರು ಈಗ ಉಪ್ಪಾಗಿದೆಯಂತೆ. ಸಮುದ್ರ ಕೆಳಗಿನಿಂದ ಒಳಗೆ ಬರುತ್ತಿದೆ. ಅಕ್ಕನ ಮನೆಯನ್ನು ಆಗಲೇ ಗುಡ್ಡದ ಮೇಲಕ್ಕೆ ಸಾಗಿಸಿದ್ದಾರೆ. "ನಾವು ಮಾಡಲಾಗದ್ದನ್ನು ಮಾಡುತ್ತೇವೆಂದು ಬರೆಯುವುದು ಬೇಡ. ಮಾಡುವಷ್ಟನ್ನೇ ಬರೆಯೋಣ. ಮೊದಲು ಕುಡಿಯುವ ನೀರು," ಎಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಕೆಲಸಕ್ಕೆ ಕೂತರು. ಶೋಭಾ ದಿನವೂ ಏನು ಮಾಡುತ್ತಾಳೆಂದು ನನಗೆ ಅರ್ಥವಾದದ್ದು ಅಂದೇ. ಸಂಜೆಯ ಹೊತ್ತಿಗೆ ಕರಡು ಅಂತಿಮ ರೂಪಕ್ಕೆ ಬಂತು. ನನ್ನ ಬಲಗೈ ಮರಗಟ್ಟಿತ್ತು.

ಮನೆಗೆ ಬಂದಾಗ ಗಿರಿಜಾ ಬಾಗಿಲಲ್ಲೇ ಕೇಳಿದಳು: "ಹೇಗಾಯ್ತು ರೀ?"

"ಒಂದು ದೇಶದ ದನಿಯನ್ನ ಎತ್ತಿ ಹಿಡಿದೆ," ಎಂದೆ. ಪೂರ್ತಿ ನಿಜ. ಅವಳು ಮುಲಾಮು ತಂದು ತೋಳಿಗೆ ತಿಕ್ಕಿದಳು. ಅಷ್ಟು ಹೊತ್ತಿಗೆ ತಂಗಿಯ ಫೋನ್ ಅವಳಿಗೆ ಬಂದಾಗಿತ್ತೆಂದು ತಿಕ್ಕಿದ ರಭಸದಲ್ಲೇ ತಿಳಿಯಿತು.

ಕೆಲವು ದಿನಗಳ ನಂತರ ಶೋಭಾ ನನಗೆ ಫೋನ್ ಮಾಡಿದಳು.

"ಭಾವ, ಮುಂದಿನ ವಾರ ಇನ್ನೊಂದು ದೇಶದೋರು ಬರ್ತಿದ್ದಾರೆ. ಅವರೂ ಫ್ರೆಂಚ್‌ನೋರೇ. ಮೇರಿ ಮೇಡಂಗೆ ಇನ್ನೂ ಪ್ಲಾಸ್ಟರ್ ಬಿಚ್ಚಿಲ್ಲ, ಫೋನ್‌ನಲ್ಲೇ ಮಾಡ್ತಾರೆ."

ತಪ್ಪನ್ನು ಕ್ಷಮಿಸಿ ಮತ್ತೆ ಕರೆಯುವ ದೊಡ್ಡ ಮನಸ್ಸು ಎಲ್ಲರಿಗೂ ಇರುವುದಿಲ್ಲ. ನನ್ನ ಕಣ್ಣು ತುಂಬಿ ಬಂತು. "ಎಷ್ಟು ಹೊತ್ತಿಗೆ ಬರಲಿ ಹೇಳಮ್ಮ," ಎಂದೆ.

"ಅಯ್ಯೋ, ಬೇಡ ಭಾವ, ಅದನ್ನ ಹೇಳೋಕೇ ಫೋನ್ ಮಾಡ್ದೆ. ನಿಮ್ಮ ಕೆಲಸಕ್ಕೆ ಒಂದು ಫೋನ್ ಸ್ಟ್ಯಾಂಡ್ ತಗೊಂಡಿದ್ದೀವಿ."