ಎರಡನೇ ಚರಣದ ಕೆಮ್ಮು

ಭದ್ರಾವತಿಯ ಹಳೇ ರೆಕಾರ್ಡಿಂಗ್ ಸ್ಟುಡಿಯೋ ಮತ್ತೆ ಶುರುವಾಗುತ್ತೆ ಅಂತ ಗೊತ್ತಾದಾಗಿನಿಂದ ನನ್ನ ಹೊಟ್ಟೆ ಉರಿಯೋದಕ್ಕೆ ದಿನಕ್ಕೊಂದು ಕಾರಣ ಸಿಗ್ತಾನೇ ಇದೆ. ಹುಡುಕಿಕೊಂಡು ಹೋಗೋದೇ ಬೇಡ, ಮನೆ ಬಾಗಿಲಿಗೇ ಬರ್ತವೆ.

ಫೋಟೋ

ಅಲ್ಲಿ ಭಕ್ತಿಗೀತೆ ಕ್ಯಾಸೆಟ್ ಮಾಡೋ ಕಾಲದಲ್ಲಿ ನಾನು ಕೋರಸ್. ಗೋಪಾಳದಲ್ಲಿ ನಮ್ಮ ಎದುರು ಮನೆಯವನು ಗಾಯಕ. ಇದ್ದದ್ದು ಒಂದೇ ಮೈಕು, ಅದು ಅವನ ಬಾಯಿಗೆ. ನಾನು ಬಾಯಿ ತೆರೆದರೆ ಸಾಕು, "ನೀವು ಸ್ವಲ್ಪ ಹಿಂದೆ ಸರೀರಿ" ಅಂತಿದ್ರು ಮಾಲೀಕರು. ಸರಿದು ಸರಿದು ಬಾಗಿಲ ಹತ್ರ, ಚಪ್ಪಲಿಗಳ ಪಕ್ಕ ನಿಂತು ಹಾಡಿದವನು ನಾನು.

ಈಗ ಆ ಮಾಲೀಕರ ಮೊಮ್ಮಗಳು ಸ್ಟುಡಿಯೋ ರಿಪೇರಿ ಮಾಡಿಸಿ, ಆಗಿನ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದಾಳೆ. ಹೆಂಡತೀನ ಬಸ್ಸಲ್ಲಿ ಕರ್ಕೊಂಡು ಹೋದೆ. ನಟ್ಟನಡುವೆ ಗಾಯಕ, ಶಾಲು ಹೊದ್ದು, ಕಣ್ಣು ಮುಚ್ಚಿ. ನನ್ನನ್ನ ಹುಡುಕಿ ಹುಡುಕಿ ಅವಳು ಅಂದ್ಲು, "ಈ ಮೊಣಕೈ ನಿಮ್ದೇ ಕಣ್ರೀ. ಸ್ವೆಟರ್ ಗುರ್ತು ಸಿಕ್ತು."

ಆಹ್ವಾನ

ಆರಂಭದ ದಿನ ಹಳೇ ಹಾಡನ್ನೇ ಹೊಸದಾಗಿ ರೆಕಾರ್ಡ್ ಮಾಡ್ತಾರಂತೆ. ಗಾಯಕನಿಗೆ ಆಹ್ವಾನ ಬಂತು, ನಂಗಿಲ್ಲ. ಅಷ್ಟಕ್ಕೇ ಸುಮ್ಮನಿರದೆ ನಮ್ಮನೆಗೇ ಬಂದು, ಕಾಫಿ ಕುಡೀತಾ, "ನೀನೂ ಬಾ ಮಾರಾಯ, ಚಪ್ಪಾಳೆ ಹೊಡೆಯೋಕೂ ಜನ ಬೇಕಲ್ಲ" ಅಂದ. ಆ ಕಾಫಿಗೆ ಸಕ್ಕರೆ ಹಾಕಿದ್ದೇ ದಂಡ.

ಒಂದೇ ಒಂದು ಸಲ ಆ ಮೈಕಿನ ಮುಂದೆ ನಿಲ್ಲಬೇಕು ಅನ್ನೋ ಆಸೆ ನನಗೆ ಎಷ್ಟೋ ವರ್ಷದಿಂದ ಇತ್ತು. ಹೆಂಡತಿ ಹತ್ರ ಅವತ್ತೇ ಬಾಯಿಬಿಟ್ಟೆ.

"ಗೊತ್ತು ಬಿಡ್ರೀ" ಅಂದ್ಲು. "ದಿನಾ ಬಚ್ಚಲಲ್ಲಿ ಚೊಂಬಿಗೆ ಹೇಳ್ತೀರಲ್ಲ, ಹೊರಗೆ ಕೇಳ್ಸುತ್ತೆ."

ಕೆಮ್ಮು

ಸ್ಟುಡಿಯೋದವರು ಕರೀದಿದ್ರೂ ಹೋದೆ. ಮನೇಲಿ ಕೂತು ಉರ್ಕೊಳ್ಳೋ ಬದಲು ಅಲ್ಲೇ ಹೋಗಿ ಉರ್ಕೊಂಡ್ರಾಯ್ತು ಅಂತ. ಕೋರಸ್ಸಿಗೆ ಕುಂಸಿ ಕಡೆಯ ಭಜನೆ ಹೆಂಗಸರು ಬಂದಿದ್ರು, ನಮ್ಮ ಕ್ಯಾಸೆಟ್ ಕೇಳಿಯೇ ಹಾಡು ಕಲಿತವರು. ಗಾಯಕ ಎರಡನೇ ಚರಣ ಮುಗಿಸಿದ. ಅಷ್ಟೂ ಹೆಂಗಸರು ಒಟ್ಟಿಗೇ "ಖೊಕ್" ಅಂತ ಕೆಮ್ಮಿ, ಆಮೇಲೆ ಪಲ್ಲವಿ ಎತ್ಕೊಂಡ್ರು.

ಮೊಮ್ಮಗಳು ರೆಕಾರ್ಡಿಂಗ್ ನಿಲ್ಲಿಸಿ, "ಯಾಕಮ್ಮಾ ಕೆಮ್ಮಿದ್ರಿ?" ಅಂದ್ಲು.

"ಕ್ಯಾಸೆಟ್ಟಲ್ಲಿ ಹಂಗೇ ಇದ್ಯಲ್ಲ" ಅಂದ್ರು ಅವರಲ್ಲಿ ಹಿರಿಯರು. "ಕೆಮ್ಮಿದ್ರೇನೇ ಪಲ್ಲವಿ ಸರಿಯಾಗಿ ಎತ್ತೋಕಾಗೋದು."

ಹಳೇ ಟೇಪ್ ಹಾಕಿ ಕೇಳಿದ್ರು. ನನ್ನ ಹಾಡು ಎಲ್ಲೂ ಕೇಳ್ಸಲ್ಲ, ಕೆಮ್ಮು ಮಾತ್ರ ಗಂಟೆ ಹೊಡೆದ ಹಾಗಿದೆ. "ಆ ಕೆಮ್ಮು ನಂದು" ಅಂತ ಹಿಂದಿನ ಸಾಲಿಂದ ಎದ್ದು ನಿಂತೆ. ಹಿರಿಯಮ್ಮ ಕೈ ಮುಗಿದ್ರು.

ಗಾಯಕನ ಮುಖ ಹುಳ್ಳಗಾಯ್ತು. "ನನ್ನ ಹಾಡಿಗೆ ಇವನ ಕೆಮ್ಮು ಯಾಕೆ?" ಅಂತ ಜೇಬಿಂದ ಕೆಮ್ಮಿನ ಮಾತ್ರೆ ತೆಗೆದು ನನ್ನ ಕೈಗೆ ತುರುಕೋಕೆ ಬಂದ. ನಾನು ಕೈ ಹಿಂದೆ ಕಟ್ಟಿಕೊಂಡೆ.

ಮೊಮ್ಮಗಳು ನನ್ನನ್ನ ಕರೆದು ಮೈಕಿನ ಮುಂದೆ ನಿಲ್ಲಿಸಿದ್ಲು. ಆಮೇಲೆ ಗಾಯಕನ ಕಡೆ ತಿರುಗಿ, ಥೇಟ್ ತಾತನ ದನಿಯಲ್ಲಿ ಅಂದ್ಲು, "ನೀವು ಸ್ವಲ್ಪ ಹಿಂದೆ ಸರೀರಿ."

ಬಾಗಿಲ ಹತ್ರ, ಚಪ್ಪಲಿ ಪಕ್ಕ, ಒಳ್ಳೇ ಜಾಗ ಇದೆ ಅಂತ ನಾನೇ ತೋರಿಸಿಕೊಟ್ಟೆ.